ಹತ್ತಿರ ಬಂದವರ ಅವಸರ

ಅಹಮದಾಬಾದಿನ ಹಳೇ ಊರಿನ ಖಾಡಿಯಾದಲ್ಲಿ, ಪೋಳ್ ಎಂದು ಕರೆಯುವ ಇಕ್ಕಟ್ಟು ಕೇರಿಯೊಂದರಲ್ಲಿ, ನಾನು ಉಳಿದುಕೊಳ್ಳುತ್ತಿದ್ದ ಮನೆಯ ಯಜಮಾನಿಯನ್ನು ಎಲ್ಲರೂ ‘ಬಾ’ ಅಂತಲೇ ಕರೆಯುತ್ತಿದ್ದರು. ಗುಜರಾತಿಯಲ್ಲಿ ಬಾ ಎಂದರೆ ತಾಯಿ. ಎಂಬತ್ತರ ಹತ್ತಿರದ ಆಕೆ ಜನವರಿ ಬಂತೆಂದರೆ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಇನ್ನೊಂದು ಶಾಲು ಹೊದ್ದು ಪಡಸಾಲೆಯ ಹೀಂಚ್ಕೋ ಮೇಲೆ ಕೂರುತ್ತಿದ್ದರು. ಹೀಂಚ್ಕೋ ಅಂದರೆ ನಮ್ಮ ತೂಗುಮಣೆ. ಗುಜರಾತಿನ ಹಳೇ ಮನೆಗಳಲ್ಲಿ ದೇವರ ಗೂಡು ಇಲ್ಲದಿದ್ದರೂ ನಡೆದೀತು, ಅದಿಲ್ಲದೆ ನಡೆಯದು.

ಜನವರಿ ಮೂರನೆಯದೋ ನಾಲ್ಕನೆಯದೋ ತಾರೀಖು. ಬೆಳಗಿನ ಚಹಾ ಕುಡಿಯುತ್ತ ನಾನು ನನ್ನ ವಿದ್ಯೆ ತೋರಿಸಲು ಹೋದೆ. “ಬಾ, ವರ್ಷದಲ್ಲಿ ಭೂಮಿ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ಈ ಎರಡು ಮೂರು ದಿನಗಳಲ್ಲೇ.”

ಅವರು ಒಮ್ಮೆ ಶಾಲು ನೋಡಿಕೊಂಡರು, ಒಮ್ಮೆ ನನ್ನನ್ನು ನೋಡಿದರು. “ಹಾಗಾದರೆ ಇದನ್ನು ನೀನೇ ಇಟ್ಟುಕೋ ದೀಕ್ರಾ” ಎಂದು ಮೇಲಿನ ಶಾಲು ತೆಗೆದು ಕೊಟ್ಟರು. ಮಗನೇ ಎಂದು ಕರೆದೇ ನನ್ನ ಮಾತು ಮುಗಿಸಿಬಿಟ್ಟಿದ್ದರು.

ಆದರೂ ನಾನು ಹೇಳಿದ್ದು ಸುಳ್ಳಲ್ಲ. ಭೂಮಿಯ ದಾರಿ ಒಂಚೂರು ಚಪ್ಪಟೆಯಾದ ವೃತ್ತ, ಸೂರ್ಯ ಇರುವುದು ಅದರ ನಡುಮಧ್ಯದಿಂದ ತುಸು ಸರಿದು. ಹೀಗಾಗಿ ಜನವರಿ ಆರಂಭದಲ್ಲಿ ನಮ್ಮಿಬ್ಬರ ನಡುವೆ 14.71 ಕೋಟಿ ಕಿಲೋಮೀಟರ್, ಜುಲೈ ಆರಂಭದಲ್ಲಿ 15.21 ಕೋಟಿ. ಹತ್ತಿರದ ತುದಿಗೆ ಕನ್ನಡದ ವಿಜ್ಞಾನ ಲೇಖಕರು ಪುರರವಿ ಎಂದೂ ದೂರದ ತುದಿಗೆ ಅಪರವಿ ಎಂದೂ ಹೆಸರಿಟ್ಟಿದ್ದಾರೆ. ಪರೀಕ್ಷೆಯಲ್ಲಿ ಬರೆಯುವುದಕ್ಕೆ ಬಿಟ್ಟರೆ ಯಾರ ಬಾಯಲ್ಲೂ ಆಡದ ಪದಗಳು, ಆದರೆ ಕೇಳಲು ಚೆನ್ನಾಗಿವೆ. ನಾನು ಅವನ್ನೇ ಬಳಸುತ್ತೇನೆ.

ಎರಡು ತುದಿಗಳ ನಡುವಿನ ಅಂತರ 50 ಲಕ್ಷ ಕಿಲೋಮೀಟರ್. ದೊಡ್ಡದೇ, ಆದರೆ ಒಟ್ಟು ದೂರದಲ್ಲಿ ನೂರಕ್ಕೆ ಮೂರು ಪಾಲು ಚಿಲ್ಲರೆ. ಇದರಿಂದ ಜನವರಿಯಲ್ಲಿ ಭೂಮಿಗೆ ಬೀಳುವ ಬಿಸಿಲು ಜುಲೈಗಿಂತ ಶೇಕಡಾ 7ರಷ್ಟು ಹೆಚ್ಚು. ಅದೇ ಹೊತ್ತಿಗೆ ಅಹಮದಾಬಾದಿನ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ 44 ಡಿಗ್ರಿಗಿಂತ ಮೇಲೇರುವುದಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತ ಊರಿನ ಉತ್ತರಕ್ಕೆ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಹಾದುಹೋಗುವುದರಿಂದ ಜೂನ್ 21ಕ್ಕೆ ಅದೇ ಸೂರ್ಯ ನಡುನೆತ್ತಿಯ ಮೇಲಿರುತ್ತಾನೆ. ಆಗ ಹಗಲು ಹದಿಮೂರೂವರೆ ಗಂಟೆ, ಈಗ ಹನ್ನೊಂದೂ ಇಲ್ಲ. ಓರೆ ಬಿಸಿಲು, ಗಿಡ್ಡ ಹಗಲು ಸೇರಿ ಕಿತ್ತುಕೊಂಡದ್ದನ್ನು ಶೇಕಡಾ 7ರ ದಾನ ತುಂಬಿಕೊಡಲಾರದು. ಶಾಲಿನ ವಿಷಯದಲ್ಲಿ ಗೆದ್ದವರು ಬಾ ಅವರೇ.

ಹಾಗಾದರೆ ಹತ್ತಿರ ಬಂದದ್ದರ ಗುರುತು ಎಲ್ಲಿ? ಅದು ಬಾ ಕೂತಿದ್ದ ತೂಗುಮಣೆಯಲ್ಲೇ ಇತ್ತು. ಜೀಕಿದ ಮಣೆ ಮೇಲಿನ ತುದಿಯಲ್ಲಿ ಒಂದು ಗಳಿಗೆ ಸುಮ್ಮನೆ ನಿಂತಂತಾಗುತ್ತದೆ. ಕೆಳಗಿಳಿದು ನೆಲಕ್ಕೆ ಹತ್ತಿರವಾಗುವಾಗ ರಭಸದಿಂದ ಸರ‍್ರನೆ ದಾಟಿಬಿಡುತ್ತದೆ. ಭೂಮಿ ಸೂರ್ಯನ ಕಡೆಗೆ ಜಾರುವುದೂ ಇದೇ ಲೆಕ್ಕ. ಆರು ತಿಂಗಳು ಇಳಿಜಾರು, ಆರು ತಿಂಗಳು ಏರು. ಪುರರವಿಯಲ್ಲಿ ನಮ್ಮ ವೇಗ ಸೆಕೆಂಡಿಗೆ 30.29 ಕಿಲೋಮೀಟರ್, ಅಪರವಿಯಲ್ಲಿ 29.29. ಸೆಕೆಂಡಿಗೆ ಒಂದು ಕಿಲೋಮೀಟರ್ ಏನು ಮಹಾ ಅನ್ನಿಸಬಹುದು. ದಿನಕ್ಕೆ ಅದು 86 ಸಾವಿರ ಕಿಲೋಮೀಟರ್ ಆಗುತ್ತದೆ, ಭೂಮಿಯನ್ನೇ ಎರಡು ಸುತ್ತು ಸುತ್ತಿ ಬರುವಷ್ಟು. ಕೆಪ್ಲರ್ 1609ರಲ್ಲಿ ಮಂಗಳ ಗ್ರಹದ ಲೆಕ್ಕ ಮಾಡುತ್ತ ಇದನ್ನು ನಿಯಮವಾಗಿ ಬರೆದಿಟ್ಟ. ಹತ್ತಿರ ಬಂದವರಿಗೆ ಅವಸರ ಜಾಸ್ತಿ, ಅಷ್ಟೇ ಅವನ ಮಾತು.

ಈ ಅವಸರವನ್ನು ನಾನು ಕಣ್ಣಾರೆ ಕಂಡದ್ದು ಸೂರತ್‌ನಲ್ಲಿ, ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ. ಮಾಲೀಕರು ಉಡುಪಿ ಕಡೆಯವರು. ಗೋಡೆಯಲ್ಲಿ ಎರಡು ಕ್ಯಾಲೆಂಡರ್, ಒಂದು ಗುಜರಾತಿ, ಇನ್ನೊಂದು ಊರಿನಿಂದ ತರಿಸಿದ ಸೌರಮಾನದ್ದು. ಕರಾವಳಿಯಲ್ಲಿ ತಿಂಗಳೆಂದರೆ ಸೂರ್ಯ ಒಂದು ರಾಶಿ ದಾಟುವ ಅವಧಿ. ಅಲ್ಲಿನ ತುಳುವರಿಗೆ ಧನು ಎಂದರೆ ಪೆರಾರ್ದೆ, ಮಿಥುನ ಎಂದರೆ ಕಾರ್ತೆಲ್. ಗಿರಾಕಿ ಕಡಿಮೆಯಿದ್ದ ಮಧ್ಯಾಹ್ನ ನಾವಿಬ್ಬರೂ ಬೆರಳಿಟ್ಟು ಮನೆ ಎಣಿಸಿದೆವು. ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗಿನ ಧನುವಿಗೆ 29 ಮನೆ. ಜೂನ್ ನಡುವಿನಿಂದ ಜುಲೈ ನಡುವಿನವರೆಗಿನ ಮಿಥುನಕ್ಕೆ 32.

“ಮುದ್ರಣ ದೋಷ ಇರಬೇಕು ಮಾರಾಯ್ರೆ” ಎಂದರು ಅವರು.

ದೋಷವಲ್ಲ. ಪ್ರತಿ ರಾಶಿಯೂ 30 ಡಿಗ್ರಿ. ಧನುವಿನಲ್ಲಿ ಭೂಮಿ ಓಡುತ್ತಿರುತ್ತದೆ, ಸುಮಾರು 29.5 ದಿನಕ್ಕೆ ಅಷ್ಟು ದೂರ ಮುಗಿಸುತ್ತದೆ. ಮಿಥುನದಲ್ಲಿ ತೂಗುಮಣೆ ಮೇಲಿನ ತುದಿಯಲ್ಲಿದೆ, ಅದೇ 30 ಡಿಗ್ರಿಗೆ 31.5 ದಿನ ಬೇಕು. ಅರ್ಧ ದಿನಗಳು ಒಮ್ಮೆ ಆಚೆ, ಒಮ್ಮೆ ಈಚೆ ಸೇರಿ ಕ್ಯಾಲೆಂಡರಿನಲ್ಲಿ ಮನೆಗಳು ಹೆಚ್ಚು ಕಡಿಮೆಯಾಗುತ್ತವೆ. ಗುಜರಾತಿಗಳು ಧನುರ್ಮಾಸವನ್ನು ಕಮುರತಾ ಎನ್ನುತ್ತಾರೆ, ಮದುವೆ ಗೃಹಪ್ರವೇಶ ಯಾವುದೂ ಇಲ್ಲ. ನಮ್ಮಲ್ಲೂ ಅದು ಶೂನ್ಯಮಾಸ. ಕಲ್ಯಾಣ ಮಂಟಪದವರು ಕೈಕಟ್ಟಿ ಕೂರುವ ತಿಂಗಳು ವರ್ಷದಲ್ಲೇ ಅತಿ ಚಿಕ್ಕದು ಎಂಬ ಸಮಾಧಾನವನ್ನು ಅವರಿಗೆ ಒದಗಿಸಿರುವುದು ಪುರರವಿ.

ನಮ್ಮ ಜ್ಯೋತಿರ್ವಿದರಿಗೆ ಇದು ಗೊತ್ತಿತ್ತು. ಭೂಮಿ ನಿಂತಿದೆ, ಸೂರ್ಯ ಸುತ್ತುತ್ತಾನೆ ಎಂದು ಲೆಕ್ಕ ಹಾಕಿದರೂ, ಸೂರ್ಯ ಎಲ್ಲಿ ನಿಧಾನಿಸುತ್ತಾನೆ ಎಂಬ ಜಾಗವನ್ನು ಗುರುತಿಸಿ ಮಂದೋಚ್ಚ ಎಂದು ಕರೆದರು. ಮಂದ ಎಂದರೆ ನಿಧಾನ, ಉಚ್ಚ ಎಂದರೆ ಎತ್ತರದ ತುದಿ. ಹೆಸರಿನಲ್ಲೇ ಇಡೀ ನಿಯಮ ಕೂತಿದೆ. ಆರ್ಯಭಟ ಅದನ್ನು 78 ಡಿಗ್ರಿಯಲ್ಲಿಟ್ಟ, ಅಂದರೆ ಮಿಥುನ ರಾಶಿಯ ಒಳಗೆ. ಅದರ ನೇರ ಎದುರು, ಧನುವಿನಲ್ಲಿ, ನಮ್ಮ ಪುರರವಿ. (ಜಾತಕದಲ್ಲಿ ರವಿಗೆ ಮೇಷ ಉಚ್ಚ ಎನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದೇ ಪದ ಎರಡು ಕಡೆ ಸಂಬಳ ತೆಗೆದುಕೊಳ್ಳುತ್ತಿದೆ.)

ಪುರರವಿಯೂ ನಿಂತಲ್ಲಿ ನಿಲ್ಲುವ ಬಿಂದುವಲ್ಲ. ಉಳಿದ ಗ್ರಹಗಳ ಎಳೆತಕ್ಕೆ ಭೂಮಿಯ ದಾರಿಯೇ ಮೆಲ್ಲಗೆ ತಿರುಗುತ್ತಿದೆ, ಭೂಮಿಯ ಅಕ್ಷವೂ ಬುಗುರಿಯಂತೆ ವಾಲಾಡುತ್ತಿದೆ. ಎರಡೂ ಸೇರಿ ಪುರರವಿಯ ತಾರೀಖು ಸುಮಾರು 58 ವರ್ಷಕ್ಕೊಂದು ದಿನ ಮುಂದೆ ಸರಿಯುತ್ತದೆ. 1246ರಲ್ಲಿ ಅದು ವರ್ಷದ ಅತಿ ಗಿಡ್ಡ ಹಗಲಿನ ದಿನವೇ ಬಿದ್ದಿತ್ತು. 1411ರಲ್ಲಿ ಅಹಮದ್ ಶಾಹ ಸಾಬರಮತಿಯ ದಡದಲ್ಲಿ ಊರು ಕಟ್ಟಿಸುವ ಹೊತ್ತಿಗೆ ಮೂರು ದಿನದಷ್ಟು ಮುಂದೆ ಹೋಗಿತ್ತು. ಈಗ ಹದಿಮೂರು ದಿನ.

ಮಕರ ಸಂಕ್ರಾಂತಿಯೂ ಹೀಗೇ ಜಾರುತ್ತಿದೆ, ಆದರೆ 72 ವರ್ಷಕ್ಕೊಂದು ದಿನ. ಅಹಮದಾಬಾದಿಗರು ಉತ್ತರಾಯಣ ಎಂದು ಜನವರಿ 14ಕ್ಕೆ ಆಕಾಶ ತುಂಬ ಪಟ ಏರಿಸಿ, ಎದುರಾಳಿಯ ದಾರ ಕತ್ತರಿಸಿದಾಗಲೆಲ್ಲ ‘ಕಾಯ್ ಪೋ ಛೇ’ ಎಂದು ಕೂಗುತ್ತಾರೆ. ನಿಜವಾದ ಉತ್ತರಾಯಣ ಡಿಸೆಂಬರ್ 22ರ ಸುಮಾರಿಗೇ ಶುರುವಾಗಿರುತ್ತದೆ ಎಂದು ಮಹಡಿಯ ಮೇಲೆ ನಿಂತು ಹೇಳಿ ನೋಡಿ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಕೇಳಿಸಿಕೊಳ್ಳಬೇಕಾಗಿಯೂ ಇಲ್ಲ. ನನಗೆ ಕುತೂಹಲ ಇರುವುದು ಹಬ್ಬಕ್ಕೂ ಪುರರವಿಗೂ ನಡೆದಿರುವ ಓಟದಲ್ಲಿ. ಈಗ ಹಬ್ಬ ಹತ್ತು ಹನ್ನೊಂದು ದಿನ ಮುಂದಿದೆ, ಪುರರವಿಯ ನಡಿಗೆ ತುಸು ಬಿರುಸು. ಒಂದು ದಿನದ ಅಂತರ ತುಂಬಲು ಸುಮಾರು 300 ವರ್ಷ. ಅಂದರೆ ಮೂರು ಸಾವಿರ ವರ್ಷ ಕಳೆದ ಮೇಲೆ ಒಂದು ಸಂಕ್ರಾಂತಿಯಂದು ಎರಡೂ ಜೊತೆಯಾಗುತ್ತವೆ. ಅಷ್ಟು ಹೊತ್ತಿಗೆ ಹಬ್ಬ ಫೆಬ್ರವರಿಯ ಕೊನೆಗೆ ಹೋಗಿರುತ್ತದೆ. ಉಂಧಿಯೂ ಎಂಬ ಹಬ್ಬದ ಅಡುಗೆ ಮಾಡಲು ಚಳಿಗಾಲದ ತರಕಾರಿ ಸಿಕ್ಕೀತೇ ಎಂಬುದು ಸೂರತ್ತಿನವರ ಚಿಂತೆಯಾಗಬೇಕು.

ಪುರರವಿಯ ಗುರುತು ನೀರಿನಲ್ಲೂ ಸಿಕ್ಕೀತೇ? ವಡೋದರಾದಿಂದ ಪಶ್ಚಿಮಕ್ಕೆ ಒಂದೂವರೆ ಎರಡು ಗಂಟೆ ಹೋದರೆ ಖಂಭಾತ್ ಕೊಲ್ಲಿಯ ದಡದಲ್ಲಿ ಕಾವಿ-ಕಂಬೋಯಿ ಎಂಬ ಊರು. ಅಲ್ಲಿನ ಸ್ತಂಭೇಶ್ವರ ಮಹಾದೇವ ಉಬ್ಬರದಲ್ಲಿ ನೀರಿನೊಳಗೆ ಮುಳುಗಿ ಇಳಿತದಲ್ಲಿ ಎದ್ದು ಬರುವ ದೇವರು. ಗುಜರಾತಿಯಲ್ಲಿ ಉಬ್ಬರಕ್ಕೆ ಭರತಿ, ಇಳಿತಕ್ಕೆ ಓಟ್. ನಮ್ಮ ಕರಾವಳಿಯ ‘ಭರತ-ಇಳಿತ’ ಕೇಳಿದವರಿಗೆ ಆ ಮೊದಲ ಪದ ನೆಂಟರಂತೆ ಕಾಣುತ್ತದೆ. ಇಳಿತದಲ್ಲಿ ಹೋದರೆ ಸಮುದ್ರ ಎಲ್ಲೋ ಬೂದು ಗೆರೆಯಾಗಿ ದೂರವಿರುತ್ತದೆ, ಕಾಲ ಬುಡದಲ್ಲಿ ಬರೀ ಅಂಟುಕೆಸರು. ನೀರು ತಿರುಗಿದಾಗ ಅದು ಅಲೆಯಾಗಿ ಬರುವುದಿಲ್ಲ, ಕೆಸರಿನ ಸೀಳುಗಳಲ್ಲಿ ಹಾವಿನಂತೆ ಸದ್ದಿಲ್ಲದೆ ಹರಿದು ಬರುತ್ತದೆ. ನೋಡನೋಡುತ್ತ ಲಿಂಗದ ಸುತ್ತ ತಿರುಗಿ, ಏರಿ, ಮುಚ್ಚಿಬಿಡುತ್ತದೆ.

ಈ ಕೊಲ್ಲಿ ಲಾಳಿಕೆಯ ಆಕಾರದ್ದು. ಅಗಲ ಬಾಯಿಂದ ನುಗ್ಗಿದ ನೀರು ಒಳಗೆ ಹೋದಂತೆ ಇಕ್ಕಟ್ಟಾಗಿ ಮೇಲೇಳುತ್ತದೆ. ಎದುರು ದಡದ ಭಾವನಗರದ ಬಳಿ ಉಬ್ಬರ ಇಳಿತಗಳ ನಡುವಿನ ವ್ಯತ್ಯಾಸ ಹತ್ತು ಮೀಟರ್ ಮೀರುವುದುಂಟು. ಇಂಥ ಕಡೆ ಪುರರವಿಯನ್ನು ಅಳೆಯಬಹುದೇ ಎಂದು ನಾನು ಬೆರಳಲ್ಲಿ ಲೆಕ್ಕ ಹಾಕಿದೆ. ಉಬ್ಬರ ಎಬ್ಬಿಸುವ ಶಕ್ತಿ ದೂರದ ಘನಕ್ಕೆ ವಿಲೋಮ. ಹಾಗಾಗಿ ದೂರದಲ್ಲಿ ನೂರಕ್ಕೆ ಮೂರು ಚಿಲ್ಲರೆ ಪಾಲಿನ ವ್ಯತ್ಯಾಸ ಉಬ್ಬರದಲ್ಲಿ ಶೇಕಡಾ 10 ಆಗುತ್ತದೆ. ಸರಾಸರಿಗಿಂತ ಜನವರಿಯ ಸೂರ್ಯನ ಎಳೆತ ಶೇಕಡಾ 5 ಹೆಚ್ಚು. ಆದರೆ ಸೂರ್ಯನ ಪಾಲು ಚಂದ್ರನ ಪಾಲಿನ ಅರ್ಧಕ್ಕೂ ಕಡಿಮೆ. ಎಲ್ಲ ಕೂಡಿಸಿ ಕಳೆದರೆ, ಹತ್ತು ಮೀಟರ್ ಏಳುವ ನೀರಿನಲ್ಲಿ ಪುರರವಿಯ ಕೊಡುಗೆ ಹದಿನೈದು ಹದಿನಾರು ಸೆಂಟಿಮೀಟರ್. ಒಂದು ಗೇಣಿಗಿಂತ ಕಡಿಮೆ.

ಚಂದ್ರನಿಗೂ ಹತ್ತಿರ ದೂರ ಉಂಟು, ಅವನ ಏರಿಳಿತ ಇದಕ್ಕಿಂತ ಎಷ್ಟೋ ದೊಡ್ಡದು. 2026ರ ಜನವರಿ 3ಕ್ಕೆ ಮೂರೂ ಒಟ್ಟಿಗೆ ಬಂದವು. ಮಧ್ಯಾಹ್ನ ಹುಣ್ಣಿಮೆ ತುಂಬಿತು, ರಾತ್ರಿ ಹನ್ನೊಂದರೊಳಗೆ ಭೂಮಿ ಪುರರವಿಯಲ್ಲಿತ್ತು, ಚಂದ್ರ ಭೂಮಿಗೆ ತೀರ ಹತ್ತಿರ ಬಂದು ಎರಡು ದಿನವೂ ಆಗಿರಲಿಲ್ಲ. ಅಂಥ ದಿನ ಕೊಲ್ಲಿಯ ನೀರು ಏರುವಾಗ ಅದರಲ್ಲಿ ಯಾವ ಗೇಣು ಸೂರ್ಯನದು, ಯಾವ ಮೊಳ ಚಂದ್ರನದು ಎಂದು ಬೇರ್ಪಡಿಸಿ ತೋರಿಸಲಾಗದು. ಆದರೂ ಮಹಾದೇವನ ನೆತ್ತಿಯ ಮೇಲೆ ನಿಂತ ನೀರಿನಲ್ಲಿ 14.71 ಕೋಟಿ ಕಿಲೋಮೀಟರ್ ಆಚೆಯ ಒಂದು ಪಾಲಿತ್ತು.

ಪುರರವಿ ಭೂಮಿಗೆ ಮಾತ್ರವಲ್ಲ, ಸೂರ್ಯನನ್ನು ಸುತ್ತುವ ಕಲ್ಲಿಗೂ ಉಂಟು. ಇನ್ನು ಅಂಥ ಒಂದು ಕಲ್ಲಿನ ಕಥೆ. 1976ರ ಜನವರಿ 28ರ ರಾತ್ರಿ ಗುಜರಾತಿನ ಆಕಾಶದಲ್ಲಿ ಬೆಂಕಿಯುಂಡೆಯೊಂದು ಓಡಿ, ಸುರೇಂದ್ರನಗರ ಜಿಲ್ಲೆಯ ಧಜಾಲಾ ಎಂಬ ಹಳ್ಳಿಯ ಸುತ್ತಮುತ್ತ ಚೂರು ಚೂರಾಗಿ ಬಿತ್ತು. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯ್ 1947ರಲ್ಲಿ ಸ್ಥಾಪಿಸಿದ ಭೌತ ಸಂಶೋಧನಾ ಪ್ರಯೋಗಾಲಯ, ಎಲ್ಲರ ಬಾಯಲ್ಲಿ ಪಿಆರ್‌ಎಲ್, ಅಲ್ಲಿನ ವಿಜ್ಞಾನಿಗಳ ಪಾಲಿಗೆ ಇದು ಮನೆ ಬಾಗಿಲಿಗೆ ಬಂದ ಅತಿಥಿ. ಕಲ್ಲು ಹೆಕ್ಕಿ ತಂದು ಅದರ ವಿಕಿರಣ ಅಳೆದರು. ಬಲ್ಲಭ್, ಭಟ್ನಾಗರ್, ಭಂಡಾರಿ ಎಂಬ ಮೂವರು ಇನ್ನೊಂದು ಪ್ರಶ್ನೆ ಹಿಡಿದು ಕೂತರು. ಈ ಕಲ್ಲು ಸೂರ್ಯನ ಸುತ್ತ ಯಾವ ದಾರಿಯಲ್ಲಿ ತಿರುಗುತ್ತಿತ್ತು?

ಆಗ ಮೊಬೈಲಿಲ್ಲ, ಗೋಡೆ ಗೋಡೆಗೆ ಕ್ಯಾಮೆರಾ ಇಲ್ಲ. ಇದ್ದದ್ದು ಕಂಡವರ ಮಾತು. ಅಂಥವರನ್ನು ಬೆಂಕಿ ಕಂಡ ಜಾಗದಲ್ಲೇ ಮತ್ತೆ ನಿಲ್ಲಿಸಿ, ಎಲ್ಲಿ ಹುಟ್ಟಿತು, ಯಾವ ದಿಕ್ಕಿಗೆ ಓಡಿತು, ಯಾವ ಎತ್ತರದಲ್ಲಿ ಆರಿತು ಎಂದು ಕೈ ಎತ್ತಿ ತೋರಿಸಲು ಹೇಳಿದರೆ, ಆ ಕೈಯ ಕೋನ ಒಂದು ಅಳತೆ. ಬೇರೆ ಬೇರೆ ಊರಿನ ಕೈಗಳು ತೋರಿಸಿದ ಗೆರೆಗಳು ಆಕಾಶದಲ್ಲಿ ಎಲ್ಲಿ ಕೂಡುತ್ತವೋ ಅಲ್ಲಿ ಕಲ್ಲಿನ ಹಾದಿ. ದಿಕ್ಕು, ಒಂದು ಅಂದಾಜು ವೇಗ ಸಿಕ್ಕರೆ ಉಳಿದದ್ದನ್ನು ಗಣಿತ ನೋಡಿಕೊಳ್ಳುತ್ತದೆ.

ಒಂದು ಅಳತೆ ಮಾತ್ರ ಪುಕ್ಕಟೆ. ಜನವರಿ 28ಕ್ಕೆ ಭೂಮಿ ತನ್ನ ದಾರಿಯಲ್ಲಿ ಎಲ್ಲಿರುತ್ತದೆ ಎಂಬುದು ಪಂಚಾಂಗ ನೋಡಿದರೆ ಗೊತ್ತು. ಕಲ್ಲೂ ಆ ಗಳಿಗೆಯಲ್ಲಿ ಅಲ್ಲೇ ಇತ್ತು, ಇಲ್ಲದಿದ್ದರೆ ಬೀಳುತ್ತಿರಲಿಲ್ಲ. ಬಿದ್ದ ತಾರೀಖೇ ಅದರ ವಿಳಾಸದ ಅರ್ಧ. ಭೂಮಿಗೆ ಬಿದ್ದ ಯಾವ ಕಲ್ಲಿನ ಬಗ್ಗೆಯೂ ಪ್ರಯೋಗಾಲಯಕ್ಕೆ ಹೋಗದೆ ಹೇಳಬಹುದಾದ ಒಂದು ಮಾತಿದೆ: ಅದರ ಪುರರವಿ ಬಿದ್ದ ದಿನ ಭೂಮಿ ಇದ್ದ ದೂರಕ್ಕಿಂತ ಆಚೆ ಇರಲಾರದು. ಸೂರ್ಯನ ಹತ್ತಿರಕ್ಕೆ ಅಷ್ಟಾದರೂ ಬರುವ ಕಲ್ಲುಗಳಿಗೆ ಮಾತ್ರ ನಮ್ಮ ರಸ್ತೆ ದಾಟುವ ಭಾಗ್ಯ. ಧಜಾಲಾದ ಕಲ್ಲು ಮಂಗಳನಾಚೆಯ ಕ್ಷುದ್ರಗ್ರಹಗಳ ಪಟ್ಟಿಯವರೆಗೆ ಹೋಗಿ, ಭೂಮಿಯ ದಾರಿಯ ಒಳಗೆ ನುಸುಳಿ ತಿರುಗುತ್ತಿತ್ತು ಎಂದು ಮೂವರ 1978ರ ಲೆಕ್ಕ ತೋರಿಸಿತು. ಎಷ್ಟು ಸಲ ಹಾಗೆ ಬಂದು ಹೋಗಿತ್ತೋ, ಕೊನೆಯ ಸಲ ರಸ್ತೆ ದಾಟುವಾಗ ನಾವು ಎದುರಿಗೆ ಸಿಕ್ಕೆವು.

ಪಿಆರ್‌ಎಲ್ ಎಂದಾಗ ಕನ್ನಡಿಗರಿಗೆ ನೆನಪಾಗಬೇಕಾದವರು ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್. ಸಾರಾಭಾಯ್ ಕೈಕೆಳಗೆ ಇಲ್ಲೇ ಪಿಎಚ್‌ಡಿ ಮಾಡಿ, ಅಮೆರಿಕಕ್ಕೆ ಹೋಗಿ, 1966ರಲ್ಲಿ ಇಲ್ಲಿಗೇ ಪ್ರಾಧ್ಯಾಪಕರಾಗಿ ಮರಳಿದರು. ಬೆಂಗಳೂರು, ಆರ್ಯಭಟ ಉಪಗ್ರಹ ಎಲ್ಲ ಆಮೇಲಿನ ಮಾತು. ಸೂರ್ಯನಿಂದ ಕಣಗಳು ಎಡೆಬಿಡದೆ ಹೊರಚಿಮ್ಮುವ ಸೌರಮಾರುತ ಅವರ ಆರಂಭದ ವಿಷಯಗಳಲ್ಲೊಂದು. ಶುಕ್ರನ ಕಡೆಗೆ ಹೋದ ಮ್ಯಾರಿನರ್ 2 ನೌಕೆಯ ಅಳತೆ ಹಿಡಿದು, ಆ ಗಾಳಿ ಬಿರುಸಾದಾಗ ಭೂಮಿಯ ಕಾಂತಕ್ಷೇತ್ರ ಕಲಕುತ್ತದೆ ಎಂದು ತೋರಿಸಿದ 1963ರ ಪ್ರಬಂಧದ ಮೂವರು ಲೇಖಕರಲ್ಲಿ ರಾವ್ ಒಬ್ಬರು.

ಅದೇ ಗಾಳಿಯ ಕಣ ಎಣಿಸುವ ಆಸ್ಪೆಕ್ಸ್ ಎಂಬ ಉಪಕರಣವನ್ನು ಪಿಆರ್‌ಎಲ್ ಮಾಡಿ ಆದಿತ್ಯ-ಎಲ್1ರ ಮೇಲೆ ಕೂರಿಸಿತು. 2023ರ ಸೆಪ್ಟೆಂಬರ್ 2ಕ್ಕೆ ಹೊರಟ ನೌಕೆ, ನಾಲ್ಕು ತಿಂಗಳು ಪಯಣಿಸಿ, ಸೂರ್ಯನ ದಿಕ್ಕಿನಲ್ಲಿ 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗಕ್ಕೆ 2024ರ ಜನವರಿ 6ಕ್ಕೆ ಸೇರಿತು. ಮೂರು ದಿನದ ಹಿಂದಷ್ಟೇ ಪುರರವಿ ಕಳೆದಿತ್ತು. ಪತ್ರಿಕೆಗಳೆಲ್ಲ ‘ಸೂರ್ಯನ ಹತ್ತಿರಕ್ಕೆ ಭಾರತ’ ಎಂಬ ಧಾಟಿಯಲ್ಲಿ ಬರೆದವು. ನನಗೆ ನಗು ಬಂತು. ಜುಲೈಯಿಂದ ಆ ಜನವರಿಯವರೆಗಿನ ಆರು ತಿಂಗಳಲ್ಲಿ ಭಾರತ, ಪಾಕಿಸ್ತಾನ, ಬಾ ಅವರ ತೂಗುಮಣೆ ಎಲ್ಲವನ್ನೂ ಹೊತ್ತುಕೊಂಡು ಭೂಮಿ ಸೂರ್ಯನಿಗೆ 50 ಲಕ್ಷ ಕಿಲೋಮೀಟರ್ ಹತ್ತಿರವಾಗಿತ್ತು. ಆದಿತ್ಯನ ಪಯಣದ ಮೂರರಷ್ಟಕ್ಕೂ ಹೆಚ್ಚು, ಒಂದು ತೊಟ್ಟು ಇಂಧನವಿಲ್ಲದೆ. ನಿಜಕ್ಕೂ ಹತ್ತಿರ ಹೋಗಿದ್ದು ನಾಸಾದ ಪಾರ್ಕರ್ ನೌಕೆ. 2024ರ ಡಿಸೆಂಬರ್ 24ಕ್ಕೆ ಸೂರ್ಯನ ಮೇಲ್ಮೈಗೆ 61 ಲಕ್ಷ ಕಿಲೋಮೀಟರ್ ಸಮೀಪ ಹಾದಾಗ ಅದರ ವೇಗ ಸೆಕೆಂಡಿಗೆ 192 ಕಿಲೋಮೀಟರ್. ಮನುಷ್ಯ ಮಾಡಿದ ಯಾವ ವಸ್ತುವೂ ಅದಕ್ಕಿಂತ ಮೊದಲು ಅಷ್ಟು ಜೋರಾಗಿ ಓಡಿರಲಿಲ್ಲ. ಅಲ್ಲೂ ಅದೇ ತೂಗುಮಣೆ, ಹಗ್ಗ ಮಾತ್ರ ಉದ್ದ.

ಇವೆಲ್ಲ ಮತ್ತೆ ಮತ್ತೆ ಬರುವವರ ಮಾತಾಯಿತು. ಒಮ್ಮೆ ಮಾತ್ರ ಬರುವವರೂ ಇದ್ದಾರೆ. 2025ರ ಜುಲೈ 1ರಂದು ಚಿಲಿಯ ದೂರದರ್ಶಕವೊಂದಕ್ಕೆ ಸಿಕ್ಕಿಬಿದ್ದ 3ಐ ಅಟ್ಲಾಸ್ ಧೂಮಕೇತು ನಮ್ಮ ಸೂರ್ಯನ ಸಂಸಾರದ್ದಲ್ಲ, ಬೇರೆ ಯಾವುದೋ ನಕ್ಷತ್ರದ ಕಡೆಯದು. ಅದರ ದಾರಿ ಮುಚ್ಚಿಕೊಳ್ಳದ ವಕ್ರರೇಖೆ, ಆದ್ದರಿಂದ ನಮ್ಮ ಸೂರ್ಯನ ಬಳಿ ಅದಕ್ಕೆ ಇದ್ದದ್ದು ಒಂದೇ ಒಂದು ಪುರರವಿ. ಅಕ್ಟೋಬರ್ 29ಕ್ಕೆ ಸೂರ್ಯನಿಂದ ಸುಮಾರು 20 ಕೋಟಿ ಕಿಲೋಮೀಟರ್ ದೂರದಲ್ಲಿ ಅದು ಆ ಬಿಂದು ದಾಟಿತು, ಸೆಕೆಂಡಿಗೆ 68 ಕಿಲೋಮೀಟರ್ ವೇಗದಲ್ಲಿ. ಭೂಮಿ ಆಗ ಸೂರ್ಯನ ಈ ಬದಿಗೆ, ಅದು ಆ ಬದಿಗೆ. ನೆಲದ ಮೇಲಿನ ದೂರದರ್ಶಕಗಳಿಗೆ ಆ ದಿನ ಬರೀ ಸೂರ್ಯನ ಝಳ.

ಹದಿನೈದು ದಿನ ಕಾದ ಮೇಲೆ ಅದು ಮುಂಜಾನೆಯ ಆಕಾಶಕ್ಕೆ ಏರಿ ಬಂತು. ಅಬು ಬೆಟ್ಟದ ಗುರುಶಿಖರದಲ್ಲಿ, 1680 ಮೀಟರ್ ಎತ್ತರದಲ್ಲಿ, ಪಿಆರ್‌ಎಲ್‌ನ 1.2 ಮೀಟರ್ ದೂರದರ್ಶಕ ಇದೆ. ನವೆಂಬರ್ 12ರಿಂದ 15ರವರೆಗೆ ಬೆಳಗಾಗುವ ಮುನ್ನ ಸಿಗುವ ಗಿಡ್ಡ ಅವಧಿಯಲ್ಲಿ ಅದನ್ನು ಈ ಅತಿಥಿಯ ಕಡೆ ತಿರುಗಿಸಿದರು. ಚಿತ್ರದಲ್ಲಿ ತಲೆಯ ಸುತ್ತಲಿನ ಮಂಜು ಬಹುಪಾಲು ದುಂಡಗೆ ಕಂಡಿತು. ಬೆಳಕನ್ನು ಬಿಡಿಸಿ ನೋಡಿದಾಗ ಸಯನೋಜೆನ್ ಹಾಗೂ ಇಂಗಾಲದ ಅಣುಗಳ ಗೆರೆ ಸಿಕ್ಕವು, ನಮ್ಮ ಮನೆಯ ಧೂಮಕೇತುಗಳಲ್ಲಿ ಇರುವಂಥವೇ.

ಅದಾದ ಎರಡು ತಿಂಗಳಿಗೆ, ಉತ್ತರಾಯಣದಂದು ಖಾಡಿಯಾದ ಮಹಡಿಗಳ ಮೇಲೆ ಪಟದ ದಾರದ ಫಿರ್ಕಿ ಬಿಚ್ಚುವ ಹೊತ್ತಿಗೆ ಈ ಅತಿಥಿ ಮಂಗಳನ ದಾರಿಯನ್ನೂ ದಾಟಿ ಗುರುವಿನ ಕಡೆ ಹೊರಟಿತ್ತು. ಸೂರ್ಯನ ಎಳೆತಕ್ಕೆ ಸಿಕ್ಕಿದ್ದ ವೇಗವನ್ನು ದಾರಿಯುದ್ದಕ್ಕೂ ಒಂದೊಂದಾಗಿ ಹಿಂದಿರುಗಿಸುತ್ತ ಹೋಗುತ್ತದೆ. ಕೊನೆಗೆ ಸೆಕೆಂಡಿಗೆ 58 ಕಿಲೋಮೀಟರ್‌ಗೆ ಬಂದು ನಿಲ್ಲುತ್ತದೆ ಅದರ ನಡಿಗೆ, ಬಂದಾಗ ಇದ್ದಷ್ಟೇ.